ದಸರಾ ಶುರುವಾಗುವ ಮುಂಚೆ ನಿನಗೊಂದು ಪತ್ರ

ಪ್ರೀತಿಯ ಗೆಳೆಯ,

ಪಿತೃಪಕ್ಷ ಇನ್ನೂ ಮುಗಿದಿಲ್ಲ, ಆಗಲೇ ನಿನ್ನ ಧ್ವನಿ ಸೋತುಹೋಗಿದೆ. ರಾತ್ರಿ ನಿದ್ದೆ ಬರುತ್ತಿಲ್ಲ, ಕತ್ತು ಹಿಡಿದುಕೊಂಡಿದೆ, ಮಕ್ಕಳು ಏನು ಕೇಳಿದರೂ ಸಿಡುಕುತ್ತೇನೆ ಅಂತ ನೀನು ಫೋನಲ್ಲಿ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕೇಳಿಯೇ ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಮೈಸೂರಲ್ಲಿ ಮನೆ ಮಾಡಿರುವ ಎಷ್ಟೋ ಜನರ ಪಾಡು ಇದೇ ಅಲ್ವಾ.

ನೇರವಾಗಿ ಹೇಳುತ್ತೇನೆ, ನಿನ್ನನ್ನು ಎಲ್ಲಕ್ಕಿಂತ ಜಾಸ್ತಿ ಹಿಂಡುತ್ತಿರುವುದು ನೆಂಟರ ಲೆಕ್ಕ. ಇಡೀ ಬಳಗಕ್ಕೆ ದಸರಾ ಅಂದರೆ ನಿನ್ನ ಮನೆ. ಒಬ್ಬರು ಗೊಂಬೆ ನೋಡೋಕೆ, ಇನ್ನೊಬ್ಬರು ಲೈಟಿಂಗ್ ನೋಡೋಕೆ, ವಿಜಯದಶಮಿ ಹಿಂದಿನ ರಾತ್ರಿ ಬಂದಿಳಿಯುವವರಂತೂ ಜಂಬೂಸವಾರಿಗೆ ಪಾಸ್ ಸಿಕ್ಕಿತಾ ಅಂತ ಕೇಳಿಕೊಂಡೇ ಒಳಗೆ ಬರುತ್ತಾರೆ. ಬರಬೇಡಿ ಅನ್ನೋಕೆ ನಿನಗೆ ಬಾಯಿ ಬರಲ್ಲ, ಗೊತ್ತು. ಹಾಗೆ ಹೇಳುವುದೂ ಬೇಡ. ಯಾವಾಗ ಬರಬೇಕು ಅಂತ ಈಗಲೇ ನೀನೇ ಫೋನ್ ಮಾಡಿ ಹೇಳಿಬಿಡು. ಅರಮನೆಯ ದೀಪ ನವರಾತ್ರಿಯ ಎಲ್ಲಾ ಸಂಜೆಯೂ ಉರಿಯುತ್ತದೆ. ಊರಿನ ದೀಪಾಲಂಕಾರವನ್ನು ಈಚಿನ ವರ್ಷಗಳಲ್ಲಿ ದಸರಾ ಆದಮೇಲೂ ಕೆಲವು ದಿನ ಮುಂದುವರಿಸಿದ್ದಾರೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನವಂತೂ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತದೆ. ಚಿಕ್ಕಪ್ಪನ ಮನೆಯವರು ಮೊದಲ ಶನಿವಾರ ಬರಲಿ, ಸೋದರತ್ತೆಯವರು ಹಬ್ಬ ಕಳೆದು ನಿಧಾನವಾಗಿ ಬಂದು ನಾಲ್ಕು ದಿನ ಇದ್ದು ಹೋಗಲಿ. ಅವರಿಗೂ ನಿನ್ನ ಜೊತೆ ಕೂತು ಮಾತಾಡೋಕೆ ಸಿಗುತ್ತದೆ. ಎಲ್ಲರೂ ಒಟ್ಟಿಗೆ ಬಂದಾಗ ನೀನು ಹಾಸಿಗೆ, ದಿಂಬು, ನೀರಿನ ಟ್ಯಾಂಕು ಅಂತಲೇ ಓಡಾಡುತ್ತಿರುತ್ತೀಯ, ಯಾರ ಮುಖವನ್ನೂ ಸರಿಯಾಗಿ ನೋಡಿರುವುದಿಲ್ಲ.

ಜಂಬೂಸವಾರಿ ದಿನವೂ ಅಷ್ಟೇ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. 750 ಕೆಜಿಯ ಅಂಬಾರಿ ಹೊತ್ತ ಆನೆಯನ್ನು ನೋಡಬೇಕು ಅಂತ ಜನ ಬೆಳಗ್ಗೆಯಿಂದಲೇ ಸಯ್ಯಾಜಿರಾವ್ ರಸ್ತೆಯ ಅಕ್ಕಪಕ್ಕ ಜಾಗ ಹಿಡಿದು ಕೂತಿರುತ್ತಾರೆ. ಮಂಡಿನೋವಿನ ಅತ್ತೆಯನ್ನೂ ಎಳೆಮಕ್ಕಳನ್ನೂ ಆ ಬಿಸಿಲಲ್ಲಿ ಕೂರಿಸಿ, ನೀರು ಎಲ್ಲಿ, ಶೌಚಾಲಯ ಎಲ್ಲಿ ಅಂತ ಹುಡುಕುವವನು ನೀನೇ ಆಗಬೇಕಾ? ಗಟ್ಟಿ ಇರುವವರು ತಾವೇ ಹೋಗಿಬರಲಿ. ಉಳಿದವರು ಮನೆಯಲ್ಲೇ ಟೀವಿಯಲ್ಲಿ ನೋಡಲಿ, ಅಂಬಾರಿಯೊಳಗಿನ ತಾಯಿ ಚಾಮುಂಡಿ ಅಲ್ಲೇ ಚೆನ್ನಾಗಿ ಕಾಣುತ್ತಾಳೆ.

ಅತ್ತಿಗೆಯ ವಿಷಯ ನೀನು ಫೋನಲ್ಲಿ ಎತ್ತಲೇ ಇಲ್ಲ. ಗೊಂಬೆ ಕೂರಿಸುವುದು, ದಿನಾ ಸಂಜೆ ಆರತಿ, ಬಂದ ಮಕ್ಕಳಿಗೆ ಚರ್ಪು, ಹೆಂಗಸರಿಗೆ ಅರಿಶಿನ ಕುಂಕುಮ, ಇದರ ಮಧ್ಯೆ ಹತ್ತು ಜನಕ್ಕೆ ಅಡುಗೆ. ನಿನಗೆ ಕತ್ತು ಹಿಡಿದಿದ್ದರೆ ಅವರಿಗೆ ಏನೇನು ಹಿಡಿದಿರಬಹುದು, ಕೇಳಿದ್ದೀಯಾ? ಪಟ್ಟದ ಗೊಂಬೆ ಇದ್ದರೆ ಹಬ್ಬಕ್ಕೆ ಕಳೆ ಬಂತು. ಒಂಬತ್ತು ಮೆಟ್ಟಿಲು ಬೇಡ, ಈ ಸಲ ಮೂರೇ ಇರಲಿ. ಚರ್ಪಿಗೆ ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಬಾಳೆಹಣ್ಣು ಸಾಕು. ಬಂದ ನೆಂಟರಿಗೂ ಕೆಲಸ ಹಂಚು, ತರಕಾರಿ ಹೆಚ್ಚೋಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾತ್ರೆ ತೊಳೆಯುವ ಸರದಿಯನ್ನು ಗಂಡಸರಿಗೆ ಹಾಕು, ಮೊದಲು ನೀನು ನಿಲ್ಲು.

ಇನ್ನೊಂದು ವಿಷಯ, ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ನಿಮ್ಮ ಮನೆಯಲ್ಲಿ ಇದೇ ಮೊದಲ ದಸರಾ. ಕಳೆದ ಸಲ ಹಬ್ಬ ಇರಲಿಲ್ಲ, ಅದಕ್ಕೊಂದು ಕಾರಣವಿತ್ತು, ಯಾರೂ ನಿನ್ನಿಂದ ಏನೂ ಕೇಳಲಿಲ್ಲ. ಈ ಸಲ ಎಲ್ಲರೂ ನೀನು ನಗುನಗುತ್ತಾ ಓಡಾಡಲಿ ಅಂತ ಕಾಯುತ್ತಾರೆ, ಒಳಗೆ ನಿನಗೆ ಅದು ಆಗುತ್ತಿಲ್ಲ. ಆಗಬೇಕು ಅಂತ ಏನಿಲ್ಲ ಕಣೋ. ಆಯುಧಪೂಜೆ ದಿನ ಅವರೇ ಕೂತು ಸ್ಕೂಟರ್ ಉಜ್ಜುತ್ತಿದ್ದರು, ಸೇವಂತಿಗೆ ಹಾರವನ್ನು ಹ್ಯಾಂಡಲ್‌ಗೆ ಕಟ್ಟುವುದರಲ್ಲಿ ಯಾರ ಕೈಯನ್ನೂ ಬಿಡುತ್ತಿರಲಿಲ್ಲ. ಆ ಸ್ಕೂಟರ್ ಈಗ ಓಡದಿದ್ದರೂ ತೊಳೆದು ಹಾರ ಹಾಕು. ಅಳು ಬಂದರೆ ಅಳು. ಅಮ್ಮನೂ ಅದನ್ನೇ ತಡೆದುಕೊಂಡಿರುತ್ತಾರೆ, ನಿಮ್ಮಿಬ್ಬರಲ್ಲಿ ಒಬ್ಬರು ಮೊದಲು ಅವರ ಹೆಸರು ಎತ್ತಬೇಕು ಅಷ್ಟೇ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ವಿಜಯದಶಮಿ ಆಗಿ ಮೂರು ವಾರ ಕಳೆಯುವುದರೊಳಗೆ ದೀಪಾವಳಿ ಬಂದು ನಿಲ್ಲುತ್ತದೆ. ಎರಡಕ್ಕೂ ಸೇರಿ ಒಂದೇ ಮೊತ್ತ ತೆಗೆದಿಡು, ಬಟ್ಟೆ ಒಂದೇ ಸಲ ತೆಗೆಸು, ಸಾಲ ಮಾಡಿ ಯಾರಿಗೂ ಉಡುಗೊರೆ ಕೊಡಬೇಡ. ಆಯುಧಪೂಜೆ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಹೇಗಿರುತ್ತದೆ ಅಂತ ನನಗಿಂತ ನಿನಗೆ ಗೊತ್ತು.

ನಿದ್ದೆ ಮಾತ್ರ ಬಿಡಬೇಡ. ಬಂದವರ ಜೊತೆಯೆಲ್ಲ ಒಂದೊಂದು ಲೋಟ ಕಾಫಿ ಕುಡಿಯುತ್ತೀಯಲ್ಲ, ಅದರಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ನಿನ್ನನ್ನು ಎಬ್ಬಿಸಿ ಕೂರಿಸಿರುತ್ತದೆ. ಮಧ್ಯಾಹ್ನದ ಮೇಲೆ ಮಜ್ಜಿಗೆ ಕುಡಿ. ಎದೆ ಡವಗುಟ್ಟಿದಾಗ ಮಹಡಿ ಮೇಲೆ ಹೋಗಿ, ಉಸಿರು ತೆಗೆದುಕೊಂಡಿದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ಒಂದೈದು ನಿಮಿಷ. ಉಸಿರು ಬಿಡುವಾಗ ಎದೆಬಡಿತ ತಾನೇ ಇಳಿಯುತ್ತದೆ. ಬೆಳಗ್ಗೆ ಮನೆಯವರು ಏಳುವ ಮುಂಚೆ ಕುಕ್ಕರಹಳ್ಳಿ ಕೆರೆ ಕಡೆ ಒಬ್ಬನೇ ನಡೆದು ಬಾ, ಮೊಬೈಲ್ ಮನೆಯಲ್ಲೇ ಇರಲಿ.

ಇಷ್ಟೆಲ್ಲ ಮಾಡಿಯೂ ಮನಸ್ಸು ಏಳುತ್ತಲೇ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಹಬ್ಬ ಮುಗಿಯಲಿ ಅಂತ ಕಾಯಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ನನ್ನ ಕಡೆಯಿಂದ ಒಂದು ಭಾರ ಇಳಿಸುತ್ತೇನೆ. ನಿನ್ನ ಅಣ್ಣನ ಮಕ್ಕಳನ್ನು ಮಂಡ್ಯಕ್ಕೆ ಕಳಿಸು, ಇಲ್ಲಿಂದ ಮೈಸೂರಿಗೆ 45 ಕಿಲೋಮೀಟರ್ ತಾನೇ. ಶ್ರೀರಂಗಪಟ್ಟಣದ ದಸರಾ ನಾನು ತೋರಿಸುತ್ತೇನೆ. ರಾಜ ಒಡೆಯರು 1610ರಲ್ಲಿ ಈ ದಸರಾ ಶುರು ಮಾಡಿದ್ದು ಅಲ್ಲೇ, ಮಕ್ಕಳಿಗೆ ಅದೂ ಗೊತ್ತಾಗಲಿ. ಮಲಗೋಕೆ ನಮ್ಮ ಮನೆ ಇದೆ, ನಮ್ಮಮ್ಮ ಆಗಲೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ಮಾತಾಡುತ್ತಿದ್ದಾರೆ. ಇವತ್ತು ರಾತ್ರಿ ಅತ್ತಿಗೆ ಜೊತೆ ಕೂತು ಯಾರು ಯಾವಾಗ ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಮಕ್ಕಳನ್ನು ಯಾವ ರೈಲಿಗೆ ಹತ್ತಿಸುತ್ತೀಯ ಅಂತ ನಾಳೆ ನನಗೆ ಹೇಳು.

ನಿನ್ನ ಗೆಳೆಯ,
ಮಂಡ್ಯದಿಂದ