ಮಗಳಿಗೊಂದು ಪತ್ರ: ಗೂಡನ್ನು ನಾನೇಕೆ ಮುಟ್ಟುವುದಿಲ್ಲ

ಕೋಥರೂಡ್, ಪುಣೆ

ಪ್ರೀತಿಯ ಮಗಳೇ,

ಆಶೀರ್ವಾದಗಳು. ನೀನು ಫೋನಿನಲ್ಲಿ ಎರಡು ಕೆಲಸ ಹೇಳಿದೆ. ಹಿತ್ತಿಲಿನ ನಂದಿಬಟ್ಟಲು ಗಿಡದಲ್ಲಿರುವ ಬುಲ್‌ಬುಲ್ ಗೂಡಿನ ಫೋಟೊವನ್ನು ದಿನವೂ ಕಳಿಸಬೇಕು. ಮರಿಗಳ ಹಿಕ್ಕೆ ತುಂಬಿ ಗೂಡು ನಾರುವ ಮೊದಲು ಒಮ್ಮೆ ಮೆಲ್ಲಗೆ ಒರೆಸಿ ಕೊಡಬೇಕು. ಎರಡನ್ನೂ ನಾನು ಮಾಡುವುದಿಲ್ಲ. ನೀನು ಮುಖ ಊದಿಸಿಕೊಳ್ಳುವವಳು ಎಂದು ಗೊತ್ತು, ಅದಕ್ಕೇ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗೂಡು ಅಡುಗೆಮನೆಯ ಕಿಟಕಿಗೆ ನೇರವಾಗಿದೆ. ಪಾತ್ರೆ ತೊಳೆಯುತ್ತ ನಿಂತರೆ ಎಲೆಗಳ ಸಂದಿಯಲ್ಲಿ ಕಾಣುತ್ತದೆ. ಹಕ್ಕಿ ಹುಳ ತಂದು ಮರಿಯ ಬಾಯಿಗಿಟ್ಟ ಕೂಡಲೇ ಹಾರಿಹೋಗುವುದಿಲ್ಲ. ಗೂಡಿನ ಅಂಚಿನಲ್ಲಿ ಕುಳಿತು, ತಲೆ ಬಾಗಿಸಿ ಒಂದು ಗಳಿಗೆ ಕಾಯುತ್ತದೆ. ತಿಂದ ಮರಿ ತೆವಳಿ ತಿರುಗಿ, ತಲೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತುತ್ತದೆ. ಆಗ ಒಂದು ಪೊಟ್ಟಣ ಹೊರಬರುತ್ತದೆ. ನೆನೆಸಿದ ಸಾಬೂದಾನಿಯಂತೆ ಹೊಳೆಯುವ ಬಿಳಿ, ಒಂದು ತುದಿಯಲ್ಲಿ ಮಾತ್ರ ಕಪ್ಪು. ಹಿಕ್ಕೆಯ ಸುತ್ತ ಗಟ್ಟಿಯಾದ ಲೋಳೆಪೊರೆ ಇರುವುದರಿಂದ ಅದು ಚೆಲ್ಲುವುದಿಲ್ಲ, ಕೊಕ್ಕಿನಲ್ಲಿ ಹಿಡಿದರೆ ಒಡೆಯುವುದೂ ಇಲ್ಲ. ಗೂಡಿಗೆ ಬೀಳುವ ಮೊದಲೇ ಹಕ್ಕಿ ಅದನ್ನು ಕಚ್ಚಿಕೊಂಡು ಗೋಡೆಯಾಚೆ ಹಾರುತ್ತದೆ. ಗಂಡೂ ಹೆಣ್ಣೂ ಇಬ್ಬರೂ ಈ ಕೆಲಸ ಮಾಡುತ್ತವೆ. ನೋಡಲು ಒಂದೇ ತರಹ ಇರುವುದರಿಂದ ಯಾರು ಹೆಚ್ಚು ಮಾಡಿದರು ಎಂದು ನಾನು ಹೇಳಲಾರೆ.

ಮರಿಗಳು ತೀರ ಚಿಕ್ಕವಿದ್ದಾಗ ಈ ಪೊಟ್ಟಣವನ್ನು ದೊಡ್ಡ ಹಕ್ಕಿ ನುಂಗಿಯೇ ಬಿಡುತ್ತಿತ್ತು. ನಿನ್ನ ಅಜ್ಜಿ ನೋಡಿ ‘ಶಿವ ಶಿವಾ’ ಎಂದು ಒಳಗೆ ಹೋದರು. ಆದರೆ ಅದರಲ್ಲಿ ಲೆಕ್ಕಾಚಾರವಿದೆ. ಎಳೆಯ ಮರಿಗೆ ತಿಂದದ್ದೆಲ್ಲ ಅರಗುವುದಿಲ್ಲ, ಹಿಕ್ಕೆಯಲ್ಲಿ ಇನ್ನೂ ಸತ್ವ ಉಳಿದಿರುತ್ತದೆ. ಇಡೀ ದಿನ ಹುಳ ಹುಡುಕಿ ಅಲೆಯುವ ಜೀವಕ್ಕೆ ಅದೂ ಆಹಾರ. ಜೊತೆಗೆ ಹೊರಗೆ ಹೋಗಿ ಎಸೆಯುವ ಒಂದು ಸುತ್ತು ತಪ್ಪುತ್ತದೆ, ಬೋಳು ಮೈಯ ಮರಿಗಳನ್ನು ಬಿಟ್ಟು ಏಳಬೇಕಾಗಿಲ್ಲ. ಮರಿಗಳು ಬೆಳೆದ ಹಾಗೆ ನುಂಗುವುದು ನಿಂತು, ಹೊತ್ತೊಯ್ಯುವುದು ಶುರುವಾಗುತ್ತದೆ.

ಹತ್ತಿರದಲ್ಲೇ ಬೀಳಿಸಿದರೆ ಸಾಲದೇ, ಅಷ್ಟು ದೂರ ಏಕೆ ಒಯ್ಯಬೇಕು? ನಾನು ಹೇಳಬೇಕೆಂದಿರುವುದೇ ಇದು. ನೊಣ, ನುಸಿ, ರೋಗ ಬಾರದಂತೆ ಗೂಡು ಒಣಗಿರಬೇಕು, ಅದು ನಿಜ. ಆದರೆ ಹಸಿರು ಎಲೆಗಳ ಕೆಳಗೆ ಬಿಳಿ ಕಲೆಗಳು ಬಿದ್ದರೆ ಮೇಲೆ ಮರಿಗಳಿವೆ ಎಂದು ಕಾಗೆಗೆ ವಿಳಾಸ ಕೊಟ್ಟಂತೆ. ಹಕ್ಕಿ ಕಸ ತೆಗೆಯುವುದರ ಜೊತೆಗೆ ಸುಳಿವನ್ನೂ ಅಳಿಸುತ್ತಿರುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ನಿಕೊ ಟಿನ್‌ಬರ್ಗನ್, 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು. ಕಪ್ಪುತಲೆಯ ಗಲ್ ಎಂಬ ಕಡಲಹಕ್ಕಿ ಮರಿ ಹೊರಬಂದ ಮೇಲೆ ಒಡೆದ ಚಿಪ್ಪನ್ನು ಕಚ್ಚಿ ದೂರ ಎಸೆಯುತ್ತದೆ. ಏಕೆಂದು ತಿಳಿಯಲು ಅವರು ಇಂಗ್ಲೆಂಡಿನ ಕಡಲತೀರದ ಮರಳಿನಲ್ಲಿ ಮೊಟ್ಟೆಗಳನ್ನು ಹರಡಿ, ಕೆಲವುಗಳ ಪಕ್ಕದಲ್ಲಿ ಒಡೆದ ಚಿಪ್ಪುಗಳನ್ನಿಟ್ಟರು. ಚಿಪ್ಪು ಹತ್ತಿರವಿದ್ದಷ್ಟೂ ಕಾಗೆಗಳು ಮೊಟ್ಟೆಯನ್ನು ಸುಲಭವಾಗಿ ಪತ್ತೆ ಮಾಡಿದವು. ಹೊರಮೈ ಮಣ್ಣಿನ ಬಣ್ಣದ್ದಾದರೂ ಚಿಪ್ಪಿನ ಒಳಮೈ ಬಿಳಿ, ಅದೇ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ವಿಷಯ ನನ್ನ ಮನಸ್ಸಿಗೆ ನಾಟಿದೆ. ಮರಿ ಹೊರಬಂದ ತಕ್ಷಣ ಆ ಹಕ್ಕಿ ಚಿಪ್ಪು ಎಸೆಯಲು ಓಡುವುದಿಲ್ಲ. ಮೈ ಒದ್ದೆಯಿರುವ ಮರಿಯನ್ನು ನೆರೆಯ ಗಲ್‌ಗಳೇ ನುಂಗಿಬಿಡುತ್ತವೆ. ಆದ್ದರಿಂದ ಮರಿಯ ತುಪ್ಪಳ ಒಣಗುವವರೆಗೂ ಕಾಯುತ್ತದೆ.

ಬಚ್ಚಿಡುವ ಅಗತ್ಯವಿಲ್ಲದವರ ಮನೆ ಬೇರೆ ತರಹ. ಪ್ರಭಾತ್ ರಸ್ತೆಯ ಹಳೆಯ ಮರಗಳಲ್ಲಿ ನೀನು ನೋಡಿದ ಬೂದು ಮಂಗಟ್ಟೆಗಳಲ್ಲಿ ಹೆಣ್ಣು ಪೊಟರೆಯೊಳಗೆ ಹೊಕ್ಕು, ಬಾಗಿಲನ್ನು ಕೊಕ್ಕು ತೂರುವಷ್ಟು ಸೀಳು ಬಿಟ್ಟು ಮುಚ್ಚಿಕೊಳ್ಳುತ್ತದೆ. ಅದು ಆ ಸೀಳಿಗೆ ಹಿಂಭಾಗ ತಿರುಗಿಸಿ ಹಿಕ್ಕೆಯನ್ನು ಹೊರಗೆ ಚಿಮ್ಮಿಸುತ್ತದೆ, ಮರಿಗಳೂ ಹಾಗೆಯೇ. ಮರದ ಬುಡ ಹೊಲಸಾದರೂ ಒಳಗೆ ನುಗ್ಗುವುದು ಕಷ್ಟ. ಪಾರಿವಾಳವಂತೂ ಗೂಡಿನ ಸುತ್ತ ಹಿಕ್ಕೆ ಗುಡ್ಡೆಯಾದರೂ ತೆಗೆಯುವುದಿಲ್ಲ. ನಾಲ್ಕು ಕಡ್ಡಿಯ ಆ ಸಡಿಲ ಗೂಡು ಅದರಿಂದಲೇ ಗಟ್ಟಿಯಾಗುತ್ತದೆ. ಅದನ್ನು ಕೊಳಕು ಹಕ್ಕಿ ಎಂದು ಬೈಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬಂಡೆಗಳ ಕಡಿದಾದ ಅಂಚಿನಲ್ಲಿ ಗೂಡು ಕಟ್ಟುತ್ತಿದ್ದ ಕುಲ ಅದು. ನುಸಿಯನ್ನು ದೂರವಿಡುವ ದಾರಿಯೂ ಎಲ್ಲರದೂ ಒಂದೇ ಅಲ್ಲ. ಮೆಕ್ಸಿಕೊ ನಗರದ ಗುಬ್ಬಚ್ಚಿಗಳು ಜನ ಸೇದಿ ಎಸೆದ ಸಿಗರೇಟಿನ ನಾರನ್ನು ಗೂಡಿಗೆ ಸೇರಿಸುತ್ತವೆ. ನಾರು ಹೆಚ್ಚಿದ್ದ ಗೂಡುಗಳಲ್ಲಿ ನುಸಿ ಕಡಿಮೆಯಿದ್ದದ್ದು ಕಂಡುಬಂದಿದೆ.

ಈಗ ಫೋಟೊ ವಿಷಯ. ಮನುಷ್ಯ ಮುಟ್ಟಿದ ವಾಸನೆಗೆ ಹಕ್ಕಿ ಮರಿಗಳನ್ನು ಬಿಟ್ಟು ಹೋಗುತ್ತದೆ ಎಂದು ಅಜ್ಜಿ ಹೇಳುತ್ತಾರೆ, ಸಾಮಾನ್ಯವಾಗಿ ಹಾಗಾಗುವುದಿಲ್ಲ. ನನ್ನ ಭಯ ಬೇರೆ. ನಾನು ದಿನವೂ ಮೊಬೈಲ್ ಹಿಡಿದು ಆ ಗಿಡದ ಬಳಿ ಹೋದರೆ ಕೊಂಬೆ ಸರಿಯುತ್ತದೆ, ದೊಡ್ಡ ಹಕ್ಕಿಗಳು ಗಲಾಟೆ ಮಾಡುತ್ತವೆ, ಕಾಂಪೌಂಡಿನ ಮೇಲಿನ ಬೆಕ್ಕು ನಾನು ಎಲ್ಲಿ ನಿಂತೆ ಎಂದು ನೋಡುತ್ತದೆ. ಹಿಂದಿನ ಮನೆಯ ಬೇಲಿಯಲ್ಲಿ ಕೆಂಬೂತವೂ ಓಡಾಡುತ್ತಿದೆ. ಇಲ್ಲಿಯವರು ಅದನ್ನು ಭಾರದ್ವಾಜ ಎಂದು ಕರೆದು, ಬೆಳಿಗ್ಗೆ ಕಂಡರೆ ಶುಭ ಎಂದು ಕೈಮುಗಿಯುತ್ತಾರೆ. ಗೂಡುಗಳಿಂದ ಮೊಟ್ಟೆ, ಮರಿ ಎತ್ತುವುದರಲ್ಲಿ ಅದು ಬಹಳ ಚುರುಕು. ಆ ಪುಟ್ಟ ಹಕ್ಕಿಗಳು ಒಂದೊಂದೇ ಪೊಟ್ಟಣ ಹೊತ್ತು ಅಳಿಸುತ್ತಿರುವ ಸುಳಿವನ್ನು ನಾನು ಹೆಜ್ಜೆಯಿಟ್ಟು ಮತ್ತೆ ಮೂಡಿಸಲಾರೆ. ಕಿಟಕಿಯ ಒಳಗಿನಿಂದ ತೆಗೆದ ಒಂದು ಫೋಟೊ ಕಳಿಸಿದ್ದೇನೆ. ಮಸುಕಾಗಿದೆ, ಅಷ್ಟಕ್ಕೇ ಸಮಾಧಾನ ಪಡು.

ನಿನ್ನ ಹಾಸ್ಟೆಲ್ ಕಿಟಕಿಯ ಪಾರಿವಾಳದ ಗೂಡನ್ನು ಮರಿಗಳು ಹಾರಿಹೋಗುವವರೆಗೂ ತೆಗೆಯಬೇಡ. ಆಮೇಲೆ ತೆಗೆಯುವಾಗ ಒಣ ಹಿಕ್ಕೆಯನ್ನು ಹಾಗೆಯೇ ಕೆರೆಯಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆ, ಕೈಗೆ ಗ್ಲೌಸ್ ಇರಲಿ. ನಿನಗೆ ಚಿಕ್ಕಂದಿನಿಂದಲೂ ಬೇಗ ಕೆಮ್ಮು ಹಿಡಿಯುತ್ತದೆ.

ನಿನ್ನ ಅವ್ವ