ಬ್ಯಾಗು ಆಮೇಲೆ ಕೊಡಿ, ಮೊದಲು ಶೌಚಾಲಯಕ್ಕೆ ನೀರು ಬರಲಿ

ಮಾನ್ಯರೇ,

ಶಾಲೆ ಶುರುವಾಗುವ ಹೊತ್ತಿಗೆ ದಾನಿಗಳು ಬ್ಯಾಗು, ನೋಟ್‌ಬುಕ್ಕು ಹಂಚುತ್ತಾರೆ, ಗೋಡೆಗೆ ರೈಲಿನ ಚಿತ್ರ ಬರೆಸುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹಳ್ಳಿ ಶಾಲೆಗೆ ಹೋದವರು ಮೊದಲು ನೋಡಬೇಕಾದ್ದು ಶೌಚಾಲಯಕ್ಕೆ ಕೀಲಿ ಬಿದ್ದಿದೆಯೇ ಎಂಬುದನ್ನು. ಬಿದ್ದಿದ್ದರೆ ಹೆಡ್‌ಮಾಸ್ತರರನ್ನು ಬೈದು ಫಲವಿಲ್ಲ. ನೀರಿಲ್ಲದ ಶೌಚಾಲಯವನ್ನು ಒಂದು ವಾರ ತೆರೆದಿಟ್ಟರೆ ಒಳಗೆ ಕಾಲಿಡುವ ಹಾಗಿರುವುದಿಲ್ಲ. ಕೀಲಿ ಹಾಕದೆ ಅವರೇನು ಮಾಡಿಯಾರು? ಇತ್ತ ಏಳು, ಎಂಟನೇ ತರಗತಿಯ ಹುಡುಗಿಯರು ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ.

ಟ್ಯಾಂಕಿನಿಂದ ಶೌಚಾಲಯಕ್ಕೆ ಪೈಪು ಎಳೆಯುವಾಗಲೇ ಕೈ ತೊಳೆಯುವ ಜಾಗವನ್ನೂ ಮಾಡಿಬಿಡಬಹುದು. ಸಾಲಾಗಿ ಹತ್ತು ನಳ ಹಾಕಿಸಬೇಡಿ, ವರ್ಷದೊಳಗೆ ಅರ್ಧ ಮುರಿದು ಉಳಿದರ್ಧ ಸೋರುತ್ತವೆ. ಇಪ್ಪತ್ತು ಅಡಿಯ ಒಂದೂಕಾಲು ಇಂಚಿನ ಪಿವಿಸಿ ಪೈಪಿಗೆ ಅಡಿಗೊಂದರಂತೆ 3 ಮಿ.ಮೀ. ತೂತು ಕೊರೆದು, ತಲೆಯಲ್ಲಿ ಒಂದೇ ವಾಲ್ವ್ ಕೂಡಿಸಿದರೆ ಹದಿನೆಂಟು ಮಕ್ಕಳು ಒಟ್ಟಿಗೆ ಕೈ ತೊಳೆಯಬಹುದು. ಚಿಕ್ಕವರಿಗೆ ಎರಡು ಅಡಿ, ದೊಡ್ಡವರಿಗೆ ಎರಡೂವರೆ ಅಡಿ ಎತ್ತರ. ಪೈಪು ಮಟ್ಟಸವಾಗಿರಬೇಕು, ಇಲ್ಲವಾದರೆ ತಗ್ಗಿನ ತುದಿಯಲ್ಲಷ್ಟೇ ನೀರು. ಪೈಪಿನ ಕೊನೆಗೆ ತಿರುಗಿಸಿ ಬಿಚ್ಚುವ ಮುಚ್ಚಳ ಹಾಕಿ, ಅಂಟಿಸಬೇಡಿ: ಬೋರಿನ ಗಡಸು ನೀರಿಗೆ ತೂತುಗಳಲ್ಲಿ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಹರಿಯಬಿಟ್ಟು ಸೂಜಿಯಿಂದ ಚುಚ್ಚಬೇಕು. ನಮ್ಮ ಬಿಸಿಲಿಗೆ ಪಿವಿಸಿ ಒಣಗಿ ಬಿರಿಯುವುದರಿಂದ ಮೇಲೊಂದು ಕೈ ಬಿಳಿ ಪೇಂಟು ಬೇಕು. ಸೋಪಿನ ತುಂಡು ಉಳಿಯುವುದಿಲ್ಲ. ಒಂದೂವರೆ ಲೀಟರ್ ಬಾಟಲಿಯ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿ ಕಟ್ಟಿಬಿಡಿ.

ನಿಲ್ಲಲು ಶಹಾಬಾದಿ ಫರ್ಸಿ ಹಾಸಿದರೆ ಸಾಕು. ಕೆಲಸ ಕೆಡುವುದು ಹರಿದುಹೋಗುವ ನೀರಿನಲ್ಲಿ. ನಮ್ಮ ಕಪ್ಪು ಎರೆ ಭೂಮಿಯಲ್ಲಿ ಇಂಗುಗುಂಡಿ ತೋಡಿದರೆ ನೀರು ಇಂಗದೆ ಮೇಲೆದ್ದು ಸೊಳ್ಳೆಯಾಗುತ್ತದೆ. ಬೀದರಿನ ಕೆಂಪು ಮಣ್ಣಿನಲ್ಲಿ ನಡೆಯುವ ಗುಂಡಿ ಜೇವರ್ಗಿಯಲ್ಲಿ ನಡೆಯದು. ಇಲ್ಲಿ ಆ ನೀರನ್ನು ನುಗ್ಗೆ, ಪಪ್ಪಾಯದ ಸಾಲಿಗೆ ಹರಿಸುವುದೇ ಸರಿ.

ಕುಡಿಯುವ ನೀರಿನ ಟ್ಯಾಂಕನ್ನು ಮೂರು ತಿಂಗಳಿಗೊಮ್ಮೆ ತಿಕ್ಕಿ ತೊಳೆದು ತುಂಬಿಸಿ, ಸಾವಿರ ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ರಾತ್ರಿಯಿಡೀ ಬಿಟ್ಟು ಪೂರ್ತಿ ಹೊರಗೆ ಬಿಡಬೇಕು, ಗಿಡಗಳಿಗಲ್ಲ. ದಿನನಿತ್ಯಕ್ಕೆ ಸಾವಿರ ಲೀಟರಿಗೆ 2.5 ಗ್ರಾಂ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಅಷ್ಟು ಸಣ್ಣ ತೂಕ ಕಿರಾಣಿ ತಕ್ಕಡಿಗೆ ಸಿಗದು. 25 ಗ್ರಾಂ ತೂಗಿಸಿ ಹತ್ತು ಪಾಲು ಮಾಡಿ ಬಿಗಿ ಡಬ್ಬಿಯಲ್ಲಿಡಿ. ಘಾಟು ಹೋದ ಪುಡಿ ಕೆಲಸಕ್ಕೆ ಬಾರದು. ಶೌಚಾಲಯಕ್ಕೆ ಬಳಿಯುವ ಆ್ಯಸಿಡ್ ಜೊತೆ ಇದನ್ನು ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಲೂಬಾರದು.

ಬೋರಿನ ನೀರಿನಲ್ಲಿ ಕರಗಿರುವ ಫ್ಲೋರೈಡ್ ಮಾತ್ರ ಬ್ಲೀಚಿಂಗಿಗೂ ಬಗ್ಗದು, ಕುದಿಸಿದರೂ ಹೋಗದು. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಆ ಬೋರಿನ ನೀರು ಕೈಗೆ, ಶೌಚಕ್ಕೆ ಅಷ್ಟೇ. ಜಲ ಜೀವನ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ಕಿಟ್ ಎಲ್ಲಿದೆ ಎಂದು ಪಂಚಾಯ್ತಿಯಲ್ಲಿ ಕೇಳಿ.

ದುಡ್ಡಿನ ಮಾತು. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನದಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕೆಂಬ ನಿಯಮವಿದೆ. 101ರಿಂದ 250 ಮಕ್ಕಳ ಶಾಲೆಗೆ ಅನುದಾನ 50,000 ರೂಪಾಯಿ, ಅದರಲ್ಲಿ 5,000 ಇದಕ್ಕೇ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯ್ತಿಗೆ ಕೊಟ್ಟ ಹಣದಲ್ಲೂ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪಾಲಕರು, ಅರ್ಧ ಮಹಿಳೆಯರು ಇರಬೇಕು. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ಎರಡು ಠರಾವು ಬರೆಸಿ: ಈ 5,000 ಯಾವುದಕ್ಕೆ ಹೋಯಿತು, ಮತ್ತು ದಿನಾ ಬೆಳಗ್ಗೆ ಶೌಚಾಲಯದ ಕೀಲಿ ತೆಗೆದು ವಾಲ್ವ್ ತಿರುವುವವರು ಯಾರು, ಹೆಸರು ಸಮೇತ.

– ಶಾಲಾ ನೀರು, ನೈರ್ಮಲ್ಯದ ಕೆಲಸದಲ್ಲಿರುವ ಕೆಲವರು, ಚಿತ್ತಾಪುರ