ಮೊದಲು ಪುಟ ಸರಿಯಾಗಲಿ, ಆಮೇಲೆ ಪ್ರಚಾರ

ಮಾನ್ಯ ಸಂಪಾದಕರೇ,

ವೆಬ್‌ಸೈಟ್ ಸಿದ್ಧವಾದ ವಾರದಲ್ಲೇ ಜಾಹೀರಾತಿಗೆ ಹಣ ಸುರಿಯುವುದು, ಜನ ಬರಲಿಲ್ಲವೆಂದು ‘ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತರಿ’ ಎನ್ನುವವರಿಗೆ ಮತ್ತಷ್ಟು ಕೊಡುವುದು ಈಗ ರೂಢಿಯೇ ಆಗಿದೆ. ಸಣ್ಣ ಸಂಸ್ಥೆಗಳು, ಸಂಘಗಳು, ಪ್ರಕಾಶಕರು ಹೀಗೆ ಕಳೆದುಕೊಳ್ಳುವುದನ್ನು ನೋಡಿದರೆ ಬೇಸರವಾಗುತ್ತದೆ. ಆ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ತೊಂದರೆ ಸಾಮಾನ್ಯವಾಗಿ ಪ್ರಚಾರದ್ದಲ್ಲ, ಪುಟದ್ದು.

ಮೊದಲು ಅಳೆಯಬೇಕಾದದ್ದು ಮೊಬೈಲ್‌ನಲ್ಲಿ ಪುಟ ತೆರೆದುಕೊಳ್ಳುವ ವೇಗ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಅದೂ ನಾಲ್ಕರಲ್ಲಿ ಮೂರು ಭೇಟಿಗಳಲ್ಲಾದರೂ ಎಂಬುದು ಗೂಗಲ್ ಇಟ್ಟಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್ ತಾಣದಲ್ಲಿ ವಿಳಾಸ ಹಾಕಿದರೆ ಪುಟದ ವೇಗ ಉಚಿತವಾಗಿ ಗೊತ್ತಾಗುತ್ತದೆ. ಕೆಂಪು ಬಂದರೆ ಮೊದಲು ಚಿತ್ರಗಳನ್ನು ನೋಡಿ. ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ, ನಾಲ್ಕೈದು ಎಂಬಿಯ ಫೋಟೊವನ್ನು ಹಾಗೇ ಏರಿಸಿರುತ್ತಾರೆ. ಮೊಬೈಲ್ ಪರದೆಗೆ 1200 ಪಿಕ್ಸೆಲ್ ಧಾರಾಳವಾಯಿತು. ಆ ಅಳತೆಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಅದೇ ಫೋಟೊ ಸಾಮಾನ್ಯವಾಗಿ 200 ಕೆಬಿಯ ಆಸುಪಾಸಿಗೆ ಇಳಿಯುತ್ತದೆ. ಕೋಡ್‌ನಲ್ಲಿ ಚಿತ್ರದ ಅಗಲ, ಎತ್ತರ ನಮೂದಿಸದಿದ್ದರೆ ಇನ್ನೊಂದು ಕಾಟ. ಓದುತ್ತಿರುವಾಗಲೇ ಚಿತ್ರ ಬಂದು ಕೂತು ಸಾಲುಗಳು ಕೆಳಕ್ಕೆ ಜಾರುತ್ತವೆ, ಒಂದು ಬಟನ್ ಒತ್ತಲು ಹೋದ ಬೆರಳು ಇನ್ನೊಂದರ ಮೇಲೆ ಬೀಳುತ್ತದೆ. ಓದುಗ ಅಲ್ಲಿಗೆ ಬರುವವರೆಗೂ ಚಿತ್ರ ತರಿಸದ ಲೇಜಿ ಲೋಡಿಂಗ್ ಪುಟದ ಕೆಳಭಾಗದ ಚಿತ್ರಗಳಿಗೆ ಒಳ್ಳೆಯದು. ಮೇಲಿನ ಮೊದಲ ಚಿತ್ರಕ್ಕೂ ಅದನ್ನೇ ಹಚ್ಚಿದರೆ, ಬೇಗ ಬರಬೇಕಾದದ್ದೇ ತಡವಾಗುತ್ತದೆ.

ಕನ್ನಡದ ಪುಟಗಳಲ್ಲಿ ಇದಕ್ಕಿಂತ ನೋವಾಗುವ ಸಂಗತಿಯಿದೆ. ಶೀರ್ಷಿಕೆ, ವಿಳಾಸ, ಕೆಲವೊಮ್ಮೆ ಇಡೀ ಬರಹವನ್ನೇ ಚಿತ್ರವಾಗಿ ಅಂಟಿಸುತ್ತಾರೆ. ಇಲ್ಲವೇ ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಪಿಡಿಎಫ್ ಮಾಡಿ ಹಾಕುತ್ತಾರೆ. ಕಣ್ಣಿಗೆ ಅದು ಕನ್ನಡ, ಸರ್ಚ್ ಎಂಜಿನ್ನಿಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿ ನೋಡಿ. ಅಲ್ಲಿ ಕನ್ನಡವಾಗಿ ಬಾರದ ಪುಟವನ್ನು ಕನ್ನಡದಲ್ಲಿ ಹುಡುಕುವವರು ಕಂಡುಕೊಳ್ಳುವ ಭರವಸೆಯಿಲ್ಲ. ಸಾಲಿನ ಎತ್ತರದ್ದೂ ಅಷ್ಟೇ. ಇಂಗ್ಲಿಷಿಗೆ ಹೊಂದಿಸಿದ ಥೀಮ್‌ನಲ್ಲಿ ಶೀರ್ಷಿಕೆಯ ಸಾಲಿಗೆ ಅಕ್ಷರದ ಅಳತೆಯ 1.2 ಪಟ್ಟು ಎತ್ತರ ಇಟ್ಟಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳು ಮೇಲಿನ ಸಾಲಿನಲ್ಲಿ ಬಂದಾಗ ಇದು ಎದ್ದು ಕಾಣುತ್ತದೆ. ಬರಹಕ್ಕೆ 1.6ರಿಂದ 1.8 ಇಡಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಲೆಟರ್ ಸ್ಪೇಸಿಂಗ್ ಅಂತೂ ಬೇಡವೇ ಬೇಡ.

ಕಣ್ಣಿಗೇ ಬೀಳದ ತಪ್ಪೂ ಒಂದಿದೆ. ಸೈಟ್ ಕಟ್ಟುವಾಗ ಹುಡುಕಾಟದಲ್ಲಿ ಹೊರಗಿನವರಿಗೆ ಸಿಗದಿರಲೆಂದು, ಸರ್ಚ್ ಎಂಜಿನ್ನಿಗೆ ‘ಪಟ್ಟಿಗೆ ಸೇರಿಸಬೇಡ’ ಎನ್ನುವ ‘ನೋಇಂಡೆಕ್ಸ್’ ಸೂಚನೆ ಹಾಕಿರುತ್ತಾರೆ. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಾದರೆ ಅದು ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟದ ಒಂದು ಟಿಕ್ ಗುರುತು. ಅದನ್ನು ತೆಗೆಯಲು ಮರೆತರೆ ಸೈಟ್ ಹುಡುಕಾಟದಲ್ಲಿ ಬರುವುದೇ ಇಲ್ಲ. ಸೈಟ್ ಹುಡುಕಾಟದಲ್ಲಿ ಹೇಗಿದೆಯೆಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ತಪಾಸಿಸಿದರೆ ಅಲ್ಲೇ ಕಾರಣ ತೋರಿಸುತ್ತದೆ. ಹಳೆಯ ಸೈಟನ್ನು ಹೊಸದಾಗಿಸಿದಾಗ ಪ್ರತಿ ಹಳೆಯ ವಿಳಾಸದಿಂದ ಅದಕ್ಕೆ ಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ (ಕಾಯಂ ತಿರುವು) ಹಾಕಿ, ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಬಂದವರು ಹುಡುಕಿದ್ದು ಸಿಗದೆ ಹಿಂತಿರುಗುತ್ತಾರೆ.

ಓದುಗರಿಗೆ ಕಾಣದೆ ಕೋಡ್‌ನಲ್ಲಿರುವ ಕೀವರ್ಡ್ಸ್ ಮೆಟಾ ಟ್ಯಾಗಿಗೆ ಪದ ತುರುಕುವುದು ವ್ಯರ್ಥ. ಅದನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ರ‍್ಯಾಂಕಿಂಗ್‌ಗಾಗಿ ಬೇರೆ ಸೈಟ್‌ಗಳಿಂದ ಲಿಂಕ್ ಖರೀದಿಸುವುದು ಅದರ ನಿಯಮದ ಉಲ್ಲಂಘನೆ, ಸಿಕ್ಕಿಬಿದ್ದರೆ ಇರುವ ಸ್ಥಾನವೂ ಹೋದೀತು.

ಇಷ್ಟಾದ ಮೇಲೆ ಪ್ರಚಾರ. ಕೊಂಡಿ ಹಂಚಿದಾಗ ಚಿತ್ರ, ಶೀರ್ಷಿಕೆ ಮೂಡಲು ಓಪನ್ ಗ್ರಾಫ್ ಟ್ಯಾಗ್ ಬೇಕು. ಚಿತ್ರ 1200×630 ಪಿಕ್ಸೆಲ್ ಇರಲಿ. ಜಾಹೀರಾತಿನ ಕೊಂಡಿ ಮುಖಪುಟಕ್ಕಲ್ಲ, ಜಾಹೀರಾತು ಹೇಳಿದ ವಿಷಯದ ಪುಟಕ್ಕೇ ಹೋಗಲಿ. ಯಾವ ಕಡೆಯಿಂದ ಯಾರು ಬಂದರೆಂದು ತಿಳಿಯಲು ಪ್ರತಿ ಕೊಂಡಿಯ ಕೊನೆಗೂ ಮೂಲ ಹೇಳುವ ಯುಟಿಎಂ ಗುರುತು ಸೇರಿಸಿ. ಇಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. ಸೈಟಿನ ಒಳಗಿನ ಕೊಂಡಿಗಳಿಗೆ ಮಾತ್ರ ಅದನ್ನು ಹಾಕಬೇಡಿ, ನಿಜವಾದ ಮೂಲ ಅಳಿಸಿಹೋಗಿ ವರದಿ ಕೆಡುತ್ತದೆ.

ಹಣ ಖರ್ಚಿಲ್ಲದ ಪ್ರಚಾರ ಸರ್ಚ್ ಕನ್ಸೋಲ್‌ನಲ್ಲೇ ಸಿಗುತ್ತದೆ. ಸರಾಸರಿ ಸ್ಥಾನ 8ರಿಂದ 20ರೊಳಗಿರುವ ಹುಡುಕುಪದಗಳನ್ನು ಪಟ್ಟಿ ಮಾಡಿ. ಜನ ಕೇಳುತ್ತಿದ್ದಾರೆ, ನಿಮ್ಮ ಪುಟ ಅರ್ಧ ಉತ್ತರ ಕೊಡುತ್ತಿದೆ ಎಂದು ಅದರರ್ಥ. ಆ ಉತ್ತರವನ್ನು ಪೂರ್ತಿ ಮಾಡಿ, ಶೀರ್ಷಿಕೆಯಲ್ಲಿ ಅವರು ಬಳಸಿದ ಮಾತನ್ನೇ ತನ್ನಿ. ಫಲ ಕಾಣಲು ಕೆಲವು ವಾರ ಬೇಕು, ದಿನವೂ ತಿದ್ದುತ್ತಾ ಕೂರಬೇಡಿ.

ವೆಬ್‌ಸೈಟ್ ಮಾಡಿಸುವವರು ಮುಂಗಡ ಕೊಡುವ ಮುನ್ನ ಕರಾರಿನಲ್ಲಿ ಬರೆಸಿಕೊಳ್ಳಬೇಕಾದದ್ದು ಹೀಗಿದೆ: ಡೊಮೈನ್ (ಸೈಟಿನ ವಿಳಾಸ) ನೋಂದಣಿ ತಮ್ಮದೇ ಹೆಸರು, ಇ-ಮೇಲ್‌ನಲ್ಲಿರಬೇಕು, ಸೈಟ್ ಇರಿಸುವ ಹೋಸ್ಟಿಂಗ್, ಸರ್ಚ್ ಕನ್ಸೋಲ್, ಭೇಟಿ ಎಣಿಸುವ ಅನಾಲಿಟಿಕ್ಸ್‌ಗಳ ಮಾಲೀಕತ್ವ ತಮ್ಮಲ್ಲೇ ಇದ್ದು, ವಿನ್ಯಾಸಕರಿಗೆ ಬಳಕೆದಾರರ ಅನುಮತಿ ಮಾತ್ರ ಸಿಗಬೇಕು.

ಇಂತಿ,
ಜಾಲತಾಣ ನಿರ್ವಹಣೆಯಲ್ಲಿ ತೊಡಗಿರುವ ಓದುಗರು